ಮೀಟರಿನ ಬೊಟ್ಟು

ನನಗೆ ಸಿಟ್ಟು ಜಾಸ್ತಿ. ಮೊದಲು ಕೈ ಓಡುತ್ತದೆ, ಬುದ್ಧಿ ಆಮೇಲೆ ನಿಧಾನಕ್ಕೆ ಬರುತ್ತದೆ. ಅಷ್ಟರಲ್ಲಿ ಯಾರದೋ ಮೂಗಿನಿಂದ ರಕ್ತ ಇಳಿದಿರುತ್ತದೆ. ಹಿರೇಗುಂಟನೂರು ರಸ್ತೆಯ ಕಂಬಳಿ ಫ್ಯಾಕ್ಟರಿಯಲ್ಲಿ ರಂಗೇಶ ಅಂದರೆ ಎಲ್ಲರೂ ಒಂದು ಮಾರು ದೂರ. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ಫಿಟ್ಟರ್. ನನ್ನನ್ನು 'ಲೇ' ಅಂತ ಕರೆದು, ಬೈದು, ಕೂರಿಸಿ ಮುದ್ದೆ ಹಾಕುತ್ತಿದ್ದವನು ಒಬ್ಬನೇ, ಬೀರಣ್ಣ.

ಬೀರಣ್ಣನ ಕೆಲಸ ಸರಿ, ಅಂದರೆ ನೂಲಿಗೆ ಹಚ್ಚುವ ಗಂಜಿ, ಬೇಯಿಸುವುದು. ಕಂಬಳಿ ನೂಲಿಗೆ ಹುಣಸೆ ಬೀಜದ ಸರಿ ಹಾಕದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ. ಹಿಂದೆ ಅದನ್ನು ಮನೆಯಂಗಳದಲ್ಲಿ ಮಡಕೆಯಿಟ್ಟು ಕುದಿಸುತ್ತಿದ್ದರು. ನಮ್ಮಲ್ಲಿ ಅದಕ್ಕೆ ಆಳೆತ್ತರದ ಕಬ್ಬಿಣದ ಕುಕ್ಕರ್ ಇತ್ತು. ಮುಚ್ಚಳ ಬಿಗಿದು ಬಾಯ್ಲರಿನಿಂದ ಸ್ಟೀಮ್ ಬಿಡಬೇಕು, ಒತ್ತಡ ಎರಡು ಕೆಜಿಗೆ ಬಂದ ತಕ್ಷಣ ನಿಲ್ಲಿಸಬೇಕು.

ಬೀರಣ್ಣನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬೊಟ್ಟು. ಪ್ರತಿ ಆಯುಧ ಪೂಜೆಗೂ ಕುಕ್ಕರಿನ ಒತ್ತಡ ತೋರಿಸುವ ಮೀಟರಿನ ಗಾಜು ಒರೆಸಿ, ವಿಭೂತಿ ಎಳೆದು, ಮುಳ್ಳು ಎಲ್ಲಿಗೆ ಬಂದರೆ ಸ್ಟೀಮ್ ನಿಲ್ಲಿಸಬೇಕೋ ಅಲ್ಲಿಗೆ ಕೆಂಪು ಬಣ್ಣದ ಬೊಟ್ಟು ಇಡುವುದು ನಮ್ಮ ಪದ್ಧತಿ. ಬೊಟ್ಟು ಇಡುವವನು ನಾನು. ಗಡಿಯಾರದಲ್ಲಿ ಹನ್ನೆರಡು ಇರುತ್ತದಲ್ಲ, ಆ ನೆತ್ತಿಯ ಜಾಗಕ್ಕೆ. ಹದಿನಾಲ್ಕು ವರ್ಷ ಅಲ್ಲಿಗೇ ಇಟ್ಟಿದ್ದೆ.

ಈ ಸಲ ಹಬ್ಬಕ್ಕೆ ಎರಡು ದಿನ ಮೊದಲು ಹಳೆಯ ಮೀಟರ್ ಕೆಟ್ಟಿತು. ಸಾಹುಕಾರ್ ರಾಜಶೇಖರ್ ಹೊಸದೊಂದನ್ನು ತರಿಸಿಕೊಟ್ಟರು. ನಾನು ಅದನ್ನು ಕೂರಿಸಿ ಬಣ್ಣದ ಡಬ್ಬಿ ಬಿಚ್ಚುತ್ತಿದ್ದಾಗ ಚೈತ್ರಾ ಮೇಡಂ ಬಂದರು. ಕೆಮಿಕಲ್ ಎಂಜಿನಿಯರ್, ಸೇರಿ ನಾಲ್ಕು ತಿಂಗಳು ಆಗಿತ್ತಷ್ಟೆ.

"ರಂಗೇಶಣ್ಣ, ಇದು ಪಿಎಸ್ಐ ಮೀಟರ್. ಹಳೇದು ಕೆಜಿದು. ಒಂದು ಕೆಜಿ ಅಂದ್ರೆ ಹದಿನಾಲ್ಕು ಚಿಲ್ರೆ ಪಿಎಸ್ಐ. ನಮ್ ಎರಡು ಕೆಜಿಗೆ ಇಪ್ಪತ್ತೆಂಟರ ಹತ್ರ ಬೊಟ್ಟು ಇಡ್ರಿ. ನೆತ್ತಿಗೆ ಇಡಬ್ಯಾಡ್ರಿ."

ಸುತ್ತ ನಾಲ್ಕು ಜನ ನಿಂತಿದ್ದರು. ನನಗೆ ಉರಿಯಿತು.

"ತಾಯಿ, ನಾನು ಈ ಮುಳ್ಳು ನೋಡ್ತಿದ್ದಾಗ ನೀನಿನ್ನೂ ಬಳಪ ತಿಂತಿದ್ದೆ. ನಂಗೇ ಪಾಠ ಮಾಡ್ತೀಯೇನು?"

ನಾಲ್ಕೂ ಜನ ನಕ್ಕರು. ಮೇಡಂ ಮುಖ ಸಣ್ಣದಾಯಿತು. ಆದರೂ ಒಂದು ಚೀಟಿಯಲ್ಲಿ ಲೆಕ್ಕ ಬರೆದು ನನ್ನ ಕೈಗಿಟ್ಟು, ಹೊಸದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಹಬ್ಬಕ್ಕೆ ಊರಿಗೆ ಹೋದರು. ನಾನು ಬೊಟ್ಟನ್ನು ನೆತ್ತಿಗೇ ಇಟ್ಟೆ. ಆ ಚೀಟಿಯಲ್ಲಿ ಬ್ರಷ್ ಒರೆಸಿ ಬಿಸಾಕಿದೆ.

ಹಬ್ಬ ಮುಗಿದ ಮೇಲೆ ಮೊದಲ ಕುಕ್ಕರ್. ಬೆಳಿಗ್ಗೆ ಹತ್ತು ಗಂಟೆ. ನಾನು ವರ್ಕ್‌ಶಾಪಿನಲ್ಲಿದ್ದೆ. ಕಿವಿ ಕಿತ್ತುಹೋಗುವಂಥ ಸದ್ದಾಯಿತು. ಓಡಿ ಬಂದರೆ ಶೀಟಿನ ಮಾಡಿನಲ್ಲಿ ಎತ್ತಿನ ಗಾಡಿ ನುಗ್ಗುವಷ್ಟು ತೂತು. ಮುಚ್ಚಳ ಮಾಡನ್ನು ಸೀಳಿಕೊಂಡು ಹಾರಿ ಅಂಗಳದಲ್ಲಿ ಬಿದ್ದಿತ್ತು. ಕುದಿಯುವ ಸರಿ ಗೋಡೆ, ಕಂಬ, ಮನುಷ್ಯ ಅಂತ ನೋಡದೆ ಎರಚಿಕೊಂಡಿತ್ತು.

ಸರಿ ನೀರಿನ ಹಾಗಲ್ಲ ಸ್ವಾಮಿ, ಅಂಟು. ಬಿದ್ದಲ್ಲೇ ಕೂತು ಬೇಯಿಸುತ್ತದೆ. ಬೀರಣ್ಣ ನೆಲದಲ್ಲಿ ಹೊರಳಾಡುತ್ತಿದ್ದ. ಅಂಗಿ ಬಿಡಿಸಲು ಹೋದೆ. ಅಂಗಿಯ ಜೊತೆಗೆ ಎದೆಯ ಚರ್ಮವೂ ನನ್ನ ಕೈಗೆ ಬಂತು. ಅಯ್ಯೋ ಶಿವನೇ, ಆ ಬಿಸಿ ಈಗಲೂ ನನ್ನ ಅಂಗೈಯಲ್ಲಿದೆ. ಕಣ್ಣು ಮುಚ್ಚಿಹೋಗಿದ್ದ ಅವನು ನನ್ನ ದನಿ ಗುರುತು ಹಿಡಿದ.

"ಮುಳ್ಳು ಬೊಟ್ಟು ದಾಟಿರ್ಲಿಲ್ಲ ಕಣಲೇ ರಂಗಾ. ನೋಡ್ತಾನೇ ಇದ್ದೆ. ಇನ್ನೂ ಕೂದಲೆಳೆಯಷ್ಟು ಇತ್ತು."

ಅವನನ್ನು ಲಗೇಜ್ ಆಟೋದಲ್ಲಿ ಮಲಗಿಸಿ ಹೆಂಡತಿ ಏಕನಾಥಮ್ಮನ ಜೊತೆ ದುರ್ಗದ ಆಸ್ಪತ್ರೆಗೆ ಕಳಿಸಿದೆವು. ಗಾಡಿ ಗೇಟು ದಾಟುತ್ತಿದ್ದ ಹಾಗೆ ನನ್ನ ತಲೆ ಕೆಟ್ಟಿತು. ಬೀರಣ್ಣ ಸುಳ್ಳು ಹೇಳುವವನಲ್ಲ. ಹಾಗಾದರೆ ಮೀಟರೇ ಸುಳ್ಳು. ಗುಜರಿ ಮೀಟರ್ ತಂದವನು ಯಾರು? ಸಾಹುಕಾರ್ ಆಫೀಸಿನಿಂದ ಹೊರಗೆ ಬರುತ್ತಲೇ ಕಾಲರ್ ಹಿಡಿದು ಗೋಡೆಗೆ ಬಡಿದೆ. ಒಂದು ಏಟಿಗೆ ಕನ್ನಡಕ ಹೋಯಿತು, ಇನ್ನೊಂದಕ್ಕೆ ಹಲ್ಲು ಉದುರಿತು.

"ಕಾಸು ಉಳಿಸಾಕೆ ಕಳಪೆ ಮಾಲು ತಂದು ನಮ್ಮಣ್ಣನ್ನ ಬೇಯಿಸಿಬಿಟ್ಯಲ್ಲೋ!"

"ಹೊಸಾದು ಕಣಪ್ಪ, ನಮ್ಮಪ್ಪನಾಣೆ, ಅಂಗಡಿಯಿಂದ ಹೊಸಾದು..." ಎಂದು ಅವರು ರಕ್ತ ಉಗುಳಿದರು. ನಾನು ಹೊಟ್ಟೆಗೆ ಒದ್ದೆ. ಜನ ಸೇರಿತು, ಕೈಗೆ ಸಿಕ್ಕವರೆಲ್ಲ ಹೊಡೆದರು. ಬೀರಣ್ಣನ ತಮ್ಮ ಕಾಟಲಿಂಗಪ್ಪ ಮಗ್ಗದ ಮನೆಯಿಂದ ಕಬ್ಬಿಣದ ಸರಳು ಹಿಡಿದು ಬಂದ. "ಸರೀರಿ ಎಲ್ರೂ. ಇವತ್ತು ಇವನ ತಲೆ ಒಡೆದೇ ನಾನು ನೀರು ಕುಡಿಯಾದು."

ಅಷ್ಟರಲ್ಲಿ ಚೈತ್ರಾ ಮೇಡಂ ಬಂದರು. ಬಸ್ಸಿಳಿದು ನೇರ ಬಂದಿದ್ದರು, ಹೆಗಲಲ್ಲಿ ಇನ್ನೂ ಚೀಲವಿತ್ತು. ಕಿತ್ತುಬಿದ್ದಿದ್ದ ಮೀಟರನ್ನು ಎತ್ತಿ, ಅಂಟು ಒರೆಸಿ ನೋಡಿದರು. ನೆಲದಲ್ಲಿದ್ದ ಇಟ್ಟಿಗೆ ಚೂರು ತೆಗೆದುಕೊಂಡು ಗೋಡೆಯ ಮೇಲೆ ಬರೆಯುತ್ತಾ ಕೂಗಿದರು.

"ಮೀಟರ್ ಸರಿ ಐತ್ರಿ! ಇಲ್ಲಿ ನೋಡ್ರಿ. ಬೊಟ್ಟು ಇರೋದು ಐವತ್ತು ಪಿಎಸ್ಐ ಮೇಲೆ. ಐವತ್ತನ್ನ ಹದಿನಾಲ್ಕು ಚಿಲ್ರೆಯಿಂದ ಭಾಗಿಸಿದ್ರೆ ಮೂರೂವರೆ ಕೆಜಿ. ಈ ಕುಕ್ಕರ್ ಮೂರು ಕೆಜಿಗಿಂತ ಜಾಸ್ತಿ ತಡಿಯಲ್ಲ!"

ಆಮೇಲೆ ನನ್ನ ಕಡೆ ನೋಡಿದರು. ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಳೆಯ ಮೀಟರಿನ ನೆತ್ತಿ ಎರಡು ಕೆಜಿ. ಹೊಸದರ ನೆತ್ತಿ ಐವತ್ತು ಪಿಎಸ್ಐ. ಒಂದೇ ಜಾಗ, ಒತ್ತಡ ಮಾತ್ರ ಹೆಚ್ಚುಕಮ್ಮಿ ಇಮ್ಮಡಿ. ಇಷ್ಟೇ ಲೆಕ್ಕ. ಏಳನೇ ಕ್ಲಾಸಿನ ಹುಡುಗ ಮಾಡುತ್ತಾನೆ. ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವ್ ಸರಿ ಮೆತ್ತಿಕೊಂಡು ಕಚ್ಚಿದೆ ಎಂದು ನಾನು ಎರಡು ಸಲ ಹೇಳಿದ್ದೆ, "ದೀಪಾವಳಿ ಆಗ್ಲಿ" ಎಂದು ಸಾಹುಕಾರ್ ಸುಮ್ಮನಾಗಿದ್ದರು. ಅದು ಅವರ ಪಾಪ. ಬೊಟ್ಟು ನನ್ನದು.

ಕಾಟಲಿಂಗಪ್ಪ ಗೋಡೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಸರಳು ಮೇಲೆದ್ದಿತ್ತು. ಒಂದು ಗಳಿಗೆ, ದೇವರಾಣೆ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಒಂದೇಟು ಬಿದ್ದರೆ ಮುಗಿಯಿತು, ಯಾರೂ ನನ್ನ ಕೇಳುವುದಿಲ್ಲ. ನಾನು ಹೋಗಿ ಸಾಹುಕಾರ್ ಮೈಮೇಲೆ ಅಡ್ಡ ಬಿದ್ದೆ.

"ಲೇ ಕಾಟಲಿಂಗ! ಬೊಟ್ಟು ಇಟ್ಟೋನು ನಾನು. ಮೇಡಂ ಬ್ಯಾಡ ಅಂದ್ರೂ ಇಟ್ಟೆ. ಹೊಡೆಯಂಗಿದ್ರೆ ನನ್ನ ಹೊಡಿ."

ಹೊಡೆದ. ಮೊದಲ ಏಟಿಗೆ ಬಲಗೈ ಮುರಿಯಿತು, ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯದು ಪಕ್ಕೆಗೆ. ಅವನು ಅಳುತ್ತಾ ಹೊಡೆದ, ನಾನು ಎಣಿಸುವುದನ್ನು ಬಿಟ್ಟೆ. ಹುಟ್ಟಿದಂದಿನಿಂದ ತಿರುಗಿ ಕೈ ಎತ್ತದೆ ಏಟು ತಿಂದದ್ದು ಅದೇ ಮೊದಲು. ಕೊನೆಗೆ ಸರಳಿಗೆ ಜೋತುಬಿದ್ದು ಅವನನ್ನು ತಡೆದವರು ಮೇಡಂ.

ಮೂರನೇ ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಬೀರಣ್ಣನ ವಾರ್ಡಿಗೆ ಹೋದೆ. ಮುಖ ಪೂರ್ತಿ ಬಟ್ಟೆ, ಬಾಯಿ ಮಾತ್ರ ಕಾಣುತ್ತಿತ್ತು. ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಾನೆ ಎಂದು ಏಕನಾಥಮ್ಮ ಅತ್ತಳು. ನನ್ನನ್ನೂ ಕೇಳಿದ.

"ರಂಗಾ, ಮುಳ್ಳು ಬೊಟ್ಟು ದಾಟಿರ್ಲಿಲ್ಲ. ನಾನೇನೂ ತಪ್ಪು ಮಾಡ್ಲಿಲ್ಲ, ಅಲ್ಲೇನಲೇ?"

"ಇಲ್ಲ ಬೀರಣ್ಣ. ನಿಂದು ತಪ್ಪಿಲ್ಲ. ಬೊಟ್ಟೇ ತಪ್ಪು ಜಾಗದಾಗಿತ್ತು. ಗೊತ್ತಿದ್ದೋರು ಹೇಳಿದ್ರೂ ನಾನು ಕೇಳ್ಲಿಲ್ಲ."

ಅವನು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದ. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಮುಳ್ಳು ನೋಡ್ತಿದೀನಿ ಅನ್ಕಂಡಿದ್ದೆ. ನಾನು ನೋಡ್ತಿದ್ದಿದ್ದು ನಿನ್ನ ಕಣಲೇ," ಎಂದ.

ಸಂಜೆ ನಾಲ್ಕಕ್ಕೆ ಅವನ ಉಸಿರು ನಿಂತಿತು.