ಏಳು ಮತ್ತು ಎಂಟರ ನಡುವಿನ ಗೋಡೆ

ಔಷಧಿ ಅಂಗಡಿಯ ಮುಂದಿನ ಕಂಬದ ಕೆಳಗೆ ಅತ್ತೆ ನಿಂತರು. ತಲೆಯೆತ್ತಿ ಕ್ಯಾಮೆರಾದತ್ತ ಕೈಬೀಸಿ ಮುಂದೆ ನಡೆದರು. ಊರಿನ ಇನ್ನೊಂದು ತುದಿಯ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ, ಏಳನೇ ಪರದೆಯ ಮುಂದೆ ಕುಳಿತಿದ್ದ ಸೊಸೆ ಮೇಜಿನ ಕೆಳಗೆ ತಾನೂ ಕೈಬೀಸಿದಳು.

"ನಿಮ್ಮತ್ತೆ ಹಾಜರಿ ಹಾಕಿದ್ರಾ?" ಎಂದ ಪಕ್ಕದ ಕುರ್ಚಿಯ ದುರ್ಬೀನು. ದಪ್ಪ ಕನ್ನಡಕದ ಆ ಸಹೋದ್ಯೋಗಿಗೆ ಇಲಾಖೆಯವರೆಲ್ಲ ಇಟ್ಟಿದ್ದ ಹೆಸರು ಅದು. "ನೀನೂ ಹೀಗೆ ಕೈ ಮಾಡು ಅಂತ ನಮ್ಮನೆಯವಳಿಗೆ ಹೇಳಿದೆ. ಮನೇಲಿ ಎದುರಿಗಿದ್ರೇ ನನ್ನ ನೋಡಲ್ಲ, ಇನ್ನು ಕ್ಯಾಮೆರಾದಲ್ಲಿ ನೋಡ್ತೀರಾ ಅಂದ್ಲು."

ಅವಳು ನಗಲಿಲ್ಲ. ಅವಳ ಕಣ್ಣು ಆಗಲೇ ಎಂಟನೇ ಪರದೆಯ ಮೇಲಿತ್ತು.

ಹಿಂದಿನ ವರ್ಷ ಪಕ್ಕದ ಮನೆಯಾಕೆಯ ಸರ ಕಿತ್ತುಕೊಳ್ಳುವಾಗ ಕಳ್ಳರು ಆಕೆಯನ್ನು ರಸ್ತೆಯ ಮೇಲೆ ಎಳೆದಾಡಿದ್ದರು. ಭುಜದ ಮೂಳೆ ಮುರಿದಿತ್ತು. ಅಂದಿನಿಂದ ಅತ್ತೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಮಂಡಿ ಬಿಗಿದುಕೊಂಡಿತು. ನಡೆಯದಿದ್ದರೆ ಹಾಸಿಗೆ ಹಿಡಿಯುತ್ತೀರಿ ಎಂದು ವೈದ್ಯರು ಎಚ್ಚರಿಸಿದರು. ಅಷ್ಟರಲ್ಲಿ ಬೀದಿಗೆ ಕ್ಯಾಮೆರಾಗಳು ಬಂದವು, ಅವುಗಳನ್ನು ನೋಡುವ ಕೆಲಸ ಸೊಸೆಗೆ ಸಿಕ್ಕಿತು. ಅತ್ತೆ ಮತ್ತೆ ವಾಕಿಂಗ್ ಶುರು ಮಾಡಿದರು. ಪೆಟ್ಟಿಗೆಯಲ್ಲಿದ್ದ ಚಿನ್ನದ ಸರವೂ ಹೊರಬಂತು. "ನೀನು ನೋಡ್ತಾ ಇರ್ತೀಯಲ್ಲ, ನಂಗೇನು ಭಯ?" ಎನ್ನುತ್ತಿದ್ದರು. ಫೋನನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

ತನಗೆ ಕಾಣುವುದೆಷ್ಟು ಎಂಬುದನ್ನು ಸೊಸೆ ಹೇಳಿರಲಿಲ್ಲ. ಗೋಡೆ ತುಂಬ ಪರದೆಗಳು, ನೋಡುವವರು ಇಬ್ಬರೇ. ಔಷಧಿ ಅಂಗಡಿಯ ಏಳನೇ ಕ್ಯಾಮೆರಾಕ್ಕೂ ಬಸ್ ನಿಲ್ದಾಣದ ಎಂಟನೆಯದಕ್ಕೂ ನಡುವೆ ಹಳೇ ಗೋದಾಮಿನ ಉದ್ದನೆಯ ಗೋಡೆ. ಅಲ್ಲಿ ನಡೆಯುವುದು ಯಾವ ಪರದೆಗೂ ಬರುವುದಿಲ್ಲ. ಕ್ಯಾಮೆರಾ ಬಂದ ಮೇಲೆ ಪಾರ್ಕಿಂಗ್ ಜಾಗದಲ್ಲಿ ವಾಹನ ಕಳವು ಕಡಿಮೆಯಾದದ್ದು ನಿಜ. ಸರಗಳ್ಳತನ ಮಾತ್ರ ಇಳಿದಿರಲಿಲ್ಲ. ದುರ್ಬೀನು ನಕ್ಷೆಗೆ ಚುಚ್ಚುವ ಕೆಂಪು ಗುಂಡುಸೂಜಿಗಳು ಮಾರುಕಟ್ಟೆಯಿಂದ ಎದ್ದು ಗೋದಾಮಿನ ಗೋಡೆಗೆ ಬಂದು ಸೇರಿದ್ದವು. "ನಮ್ಮ ಕ್ಯಾಮೆರಾ ಕಳ್ಳನ್ನ ಹಿಡಿದಿಲ್ಲ, ಅವನ ವಿಳಾಸ ಬದಲಾಯಿಸಿದೆ ಅಷ್ಟೆ" ಎಂದಿದ್ದ. ಇದನ್ನು ಅತ್ತೆಗೆ ಹೇಳಿದರೆ ಅವರು ಮತ್ತೆ ಮನೆ ಹಿಡಿಯುತ್ತಾರೆ ಎಂದು ಸೊಸೆ ಸುಮ್ಮನಿದ್ದಳು.

ಏಳನೇ ಪರದೆಯಲ್ಲಿ ಒಂದು ಬೈಕು ಬಂತು. ಇಬ್ಬರಿಗೂ ಹೆಲ್ಮೆಟ್, ನಂಬರ್ ಪ್ಲೇಟಿಗೆ ಕೆಸರು. ಸ್ವಲ್ಪ ಮೊದಲು ಅದೇ ಬೈಕು ಅದೇ ದಾರಿಯಲ್ಲಿ ಹೋಗಿದ್ದನ್ನು ಅವಳು ನೋಡಿದ್ದಳು. ಈಗ ಅದು ನಿಧಾನಿಸಿ ಗೋಡೆಯ ಕಡೆ ತಿರುಗಿತು. ಅವಳು ದುರ್ಬೀನಿಗೆ ಪರದೆ ತೋರಿಸಿದಳು.

ದುರ್ಬೀನು ಗಸ್ತಿನವರಿಗೆ ಫೋನ್ ಹಚ್ಚಿದ. "ರೈಲ್ವೆ ಗೇಟ್ ಹತ್ರ ಇದ್ದಾರಂತೆ. ಗೇಟ್ ಹಾಕಿದೆ."

ಅವಳು ಅತ್ತೆಯ ನಂಬರಿಗೆ ಕರೆ ಮಾಡಿದಳು. ಎತ್ತಿದ್ದು ಮಗಳು. "ಅಜ್ಜಿ ಫೋನ್ ಇಲ್ಲೇ ಇದೆಯಮ್ಮ."

ಉಳಿದದ್ದು ಔಷಧಿ ಅಂಗಡಿಯ ಕಂಬದ ಮೇಲಿನ ಧ್ವನಿವರ್ಧಕ. ದಾರಿಗೆ ಅಡ್ಡ ನಿಂತ ಗಾಡಿ ತೆಗೆಸಲು ಬಳಸುತ್ತಿದ್ದದ್ದು. ಅವಳು ಮೈಕ್ ಎಳೆದುಕೊಂಡಳು.

"ಗೋದಾಮಿನ ಗೋಡೆ ಹತ್ರ ಬೈಕ್ ಮೇಲಿರೋರು, ಕ್ಯಾಮೆರಾದಲ್ಲಿ ಕಾಣ್ತಾ ಇದ್ದೀರಿ. ಗಾಡಿ ನಂಬರ್ ಬರ್ಕೊಂಡಿದ್ದೀವಿ. ಪೊಲೀಸರು ಬರ್ತಿದ್ದಾರೆ."

ಮೂರಕ್ಕೆ ಮೂರೂ ಸುಳ್ಳು.

ಎಂಟನೇ ಪರದೆಯನ್ನು ಬೈಕು ಸೀಳಿಕೊಂಡು ಹೋಯಿತು. ಅದರ ಹಿಂದೆ ರಸ್ತೆಯಲ್ಲಿ ಯಾರೂ ಬರಲಿಲ್ಲ. ಒಂದು ಬಸ್ ನಿಂತು ಹೊರಟಿತು. ದುರ್ಬೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕೊನೆಗೆ ಎಡಗಾಲು ಎಳೆಯುತ್ತಾ ಅತ್ತೆ ಕಾಣಿಸಿಕೊಂಡರು. ಕ್ಯಾಮೆರಾದತ್ತ ಕೈಬೀಸಿದರು. ಕುತ್ತಿಗೆ ಶಾಲಿನಲ್ಲಿ ಮುಚ್ಚಿಹೋಗಿತ್ತು.

ಸೊಸೆ ಮನೆಗೆ ಬಂದಾಗ ಸರ ಅತ್ತೆಯ ಕುತ್ತಿಗೆಯಲ್ಲೇ ಇತ್ತು. ಅತ್ತೆ ಊಟಕ್ಕೆ ಬಡಿಸುತ್ತಾ ಉತ್ಸಾಹದಿಂದ ಹೇಳಿದರು: "ಹಿಂದೆ ಕೂತಿದ್ದವನು ಕೈ ಚಾಚಿಯೇಬಿಟ್ಟಿದ್ದ. ಅಷ್ಟರಲ್ಲಿ ನಿನ್ನ ದನಿ. ಎದ್ದೆವೋ ಬಿದ್ದೆವೋ ಅಂತ ಓಡಿದ್ರು. ವಾಕಿಂಗ್ ಬರೋರಿಗೆಲ್ಲ ಹೇಳಿದೀನಿ, ನನ್ನ ಸೊಸೆಗೆ ಗೋಡೆ ಹತ್ರಾನೂ ಕಾಣತ್ತೆ ಅಂತ. ನಾಳೆಯಿಂದ ಅವರೂ ಸರ ಹಾಕ್ಕೊಂಡು ಬರ್ತಾರಂತೆ."

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು.

"ಅತ್ತೆ, ಅಲ್ಲಿ ನಂಗೆ ಏನೂ ಕಾಣಲ್ಲ."

"ಸುಮ್ನಿರೇ. ತಮಾಷೆ ಮಾಡ್ಬೇಡ."

"ನಿಜ. ಅಲ್ಲಿ ಕ್ಯಾಮೆರಾನೇ ಇಲ್ಲ."

"ಮತ್ತೆ ನಾನು ಇಷ್ಟು ದಿನ ಕೈ ಮಾಡಿದ್ದು?"

"ಅದು ಕಾಣ್ತಿತ್ತು. ಅಲ್ಲಿಂದ ನೀವು ಬಸ್ ನಿಲ್ದಾಣಕ್ಕೆ ಬರೋವರೆಗೂ ನಾನು ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀನಿ."

ಅತ್ತೆ ಬೈಯಲಿಲ್ಲ. ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತರು.

ಮರುದಿನ ಸಂಜೆ ಅವರು ಏಳನೇ ಪರದೆಗೆ ಬಂದಾಗ ಕುತ್ತಿಗೆ ಬೋಳಾಗಿತ್ತು, ಕೈಯಲ್ಲಿ ಫೋನಿತ್ತು. ಕ್ಯಾಮೆರಾದತ್ತ ನೋಡಲಿಲ್ಲ. ಗೆಳತಿಯರು ಬಂದ ಕೂಡಲೇ ಎರಡೂ ಕೈ ಅಗಲಿಸಿ ಅಡ್ಡ ನಿಂತರು. ಏನೋ ಹೇಳಿದರು. ಕ್ಯಾಮೆರಾಕ್ಕೆ ಮಾತು ಕೇಳಿಸುವುದಿಲ್ಲ. ಒಬ್ಬಾಕೆ ನಕ್ಕು, ಅತ್ತೆಯ ಭುಜ ತಟ್ಟಿ, ಕಂಬದ ಕಡೆ ಬೆರಳು ತೋರಿಸಿದಳು. ಎಲ್ಲರೂ ಸೊಸೆಯನ್ನೇ ನೋಡುತ್ತಿರುವಂತೆ ತಲೆಯೆತ್ತಿ ಕೈಬೀಸಿ ಗೋಡೆಯತ್ತ ನಡೆದರು. ಕುಂಟುತ್ತಾ ಅತ್ತೆಯೂ ಅವರ ಹಿಂದೆ ಹೋದರು.

ಸೊಸೆ ಮೈಕಿನ ಗುಂಡಿ ಒತ್ತಿದಳು. "ಗೋಡೆ ಕಡೆ ಹೋದವರು ವಾಪಸ್ ಬನ್ನಿ. ಅಲ್ಲಿ ಕ್ಯಾಮೆರಾ ಇಲ್ಲ. ನಿನ್ನೆ ನಾನು ಹೇಳಿದ್ದು ಸುಳ್ಳು."

ದುರ್ಬೀನು ಕುರ್ಚಿ ತಿರುಗಿಸಿ ಅವಳನ್ನು ನೋಡಿದ. ಪರದೆಯಲ್ಲಿ ಔಷಧಿ ಅಂಗಡಿಯವನು, ಗಿರಾಕಿಗಳು, ಸ್ಕೂಟರ್ ಒರೆಸುತ್ತಿದ್ದವನು ಎಲ್ಲರೂ ಕತ್ತೆತ್ತಿ ಕಂಬ ನೋಡಿದರು, ಆಮೇಲೆ ಗೋಡೆಯ ಕಡೆ ನೋಡಿದರು.

ಹೆಂಗಸರು ಒಬ್ಬೊಬ್ಬರಾಗಿ ಹಿಂತಿರುಗಿದರು. ಕುತ್ತಿಗೆಗೆ ಶಾಲು ಸುತ್ತಿಕೊಳ್ಳುತ್ತಿದ್ದರು. ಕೊನೆಯಲ್ಲಿ ಬಂದ ಅತ್ತೆ ಫೋನನ್ನು ಕಿವಿಗಿಟ್ಟರು. ಸೊಸೆಯ ಮೇಜಿನ ಮೇಲೆ ಫೋನ್ ನಡುಗಿತು.

"ಎಲ್ರೂ ಬಂದ್ವಿ ಕಣೆ," ಎಂದರು ಏದುಸಿರಿನಲ್ಲಿ. "ಆದ್ರೆ ಅಲ್ಲಿ ಕ್ಯಾಮೆರಾ ಇಲ್ಲ ಅಂತ ಈಗ ಇಡೀ ಬೀದಿಗೇ ಗೊತ್ತಾಯ್ತಲ್ಲ, ಕಳ್ಳರಿಗೂ?"

"ಹೌದತ್ತೆ. ಮನೆಗೆ ಹೋಗಿ ಫೋನ್ ಮಾಡಿ. ಬೇಡ ಬೇಡ, ಫೋನ್ ಇಡ್ಬೇಡಿ, ಮಾತಾಡ್ತಾನೇ ಹೋಗಿ."

ಪಕ್ಕದಲ್ಲಿ ದುರ್ಬೀನು, ಗಸ್ತಿನವರು ಈಗ ಎಲ್ಲಿದ್ದಾರೆಂದು ಕೇಳುತ್ತಿದ್ದ.