ಹೆತ್ತವಳ ಕಣ್ಣು

ನರಿನ್ ಪಟ್ಟಣದ ಪತ್ರಿಕೆಯಲ್ಲಿ ನಾನು ಕರಡು ತಿದ್ದುವವಳು. ಆ ಚಳಿಗಾಲ ಸಾಲಿನ ಕೊನೆಯ ಅಕ್ಷರಗಳು ಕಣ್ಣಿಗೆ ಸಿಗದಾದವು. ಸಂಪಾದಕರು ತಪ್ಪು ಹಿಡಿಯತೊಡಗಿದರು. ಕೆಲಸ ಹೋದೀತೆಂದು ಹೆದರಿ ಕಣ್ಣಿನ ಡಾಕ್ಟರ್ ಜಿಪಾರ್ ಬಳಿ ಹೋದೆ.

"ಕಣ್ಣಿನೊಳಗಿನ ಒತ್ತಡ ಸ್ವಲ್ಪ ಜಾಸ್ತಿ ಇದೆ, ಎಜೆ" ಎಂದಳು. ನಮ್ಮಲ್ಲಿ ದೊಡ್ಡ ಹೆಂಗಸರೆಲ್ಲ ಎಜೆ, ಅಂದರೆ ಅಕ್ಕ. "ಆದ್ರೆ ಏನೂ ಇಲ್ಲದವರಿಗೂ ಇಷ್ಟಿರುತ್ತೆ. ಇದೊಂದನ್ನೇ ನೋಡಿ ಕಾಯಿಲೆ ಅನ್ನೋಕಾಗಲ್ಲ. ನೋಟದ ಅಗಲ ಅಳೆಯೋ ಯಂತ್ರ ಬಿಷ್ಕೆಕ್‌ನಲ್ಲಿದೆ. ನಿಮ್ಮ ಆಪಾಗೆ ದೃಷ್ಟಿ ಹೋಗಿತ್ತಾ?"

ಆಪಾ ಅಂದರೆ ತಾಯಿ.

"ಆಪಾಗಾ? ಮುದುಕಿಯಾದ್ರೂ ಸೂಜಿಗೆ ತಾನೇ ದಾರ ಪೋಣಿಸ್ತಿದ್ಲು. ನನಗೇ ಕುರುಡಿ ಅಂತಿದ್ಲು."

"ಹಾಗಾದ್ರೆ ಅವಸರ ಇಲ್ಲ. ಹಿಮ ಕರಗಿದ ಮೇಲೆ ಹೋಗಿ."

ಕೋಟು ಹಾಕಿಕೊಳ್ಳುತ್ತ ಆಪಾಳ ಮಾತು ಮುಂದುವರಿಸಿದೆ. "ಎಜೆಗೆ ಹೊಲಿಗೆ ಕಲಿಸಿದ್ದೂ ಅವಳೇ. ಕಣ್ಣು ಹೋದ ಮೇಲೂ ಎಜೆ ಬೆರಳಲ್ಲೇ ಅಂಚು ಹುಡುಕಿ ಹೊಲೀತಿದ್ಲು."

"ಯಾವ ಎಜೆ?"

"ತಾಜಿಗುಲ್ ಎಜೆ. ನನ್ನನ್ನ ಹೆತ್ತೋಳು."

ಜಿಪಾರ್ ಕಣ್ಣು ನೋಡುವ ದೀಪ ಮತ್ತೆ ಹಚ್ಚಿದಳು. "ಅಜ್ಜಿ ಸಾಕಿದ ಮಗಳಾ ನೀವು?"

"ಚೊಚ್ಚಲು ಅಲ್ವಾ. ಪದ್ಧತಿಯಂತೆ ಅಪ್ಪನ ತಾಯಿಗೆ ಕೊಟ್ರು. ಅವಳನ್ನೇ ಆಪಾ ಅಂತಿದ್ದೆ."

"ನಮ್ಮಣ್ಣನೂ ಹಾಗೇ, ಇವತ್ತಿಗೂ ಅಮ್ಮನ್ನ ಎಜೆ ಅಂತಾನೆ. ನಾನೇ ಸರಿಯಾಗಿ ಕೇಳಬೇಕಿತ್ತು. ನಿಮ್ಮನ್ನ ಹೆತ್ತವರಿಗೆ ಕಣ್ಣು ಹೇಗೆ ಹೋಯ್ತು?"

"ಹಿಮದ ಮೇಲಿನ ಬಿಸಿಲ ಝಳ ಅಂತಿದ್ರು. ಅಂಚಿಂದ ಕತ್ತಲಾಗ್ತಾ ಬಂತು."

"ಝಳಕ್ಕೆ ಹೋದ ಕಣ್ಣು ಕೆಲವೇ ದಿನಕ್ಕೆ ವಾಪಸ್ ಬರುತ್ತೆ. ಇದು ಒತ್ತಡದ ಕಾಯಿಲೆ ಇರಬೇಕು, ಹೆತ್ತವರಿಂದ ಮಕ್ಕಳಿಗೆ ಬರುತ್ತೆ. ನಾಳೆನೇ ಬಿಷ್ಕೆಕ್‌ಗೆ ಹೊರಡಿ."

ಕಣಿವೆ ದಾಟಿ ರಾಜಧಾನಿಗೆ ಹೋಗುವ ವ್ಯಾನಿನಲ್ಲಿ ದಾರಿಯುದ್ದಕ್ಕೂ ಎಜೆಯದೇ ನೆನಪು. ಬೇಸಿಗೆಯಲ್ಲಿ ಅವಳು ಹುಲ್ಲುಗಾವಲಿನ ನಮ್ಮ ಗುಡಾರಕ್ಕೆ ಬರುತ್ತಿದ್ದಳು. ತನ್ನ ಅತ್ತೆಯಾದ ಆಪಾಳ ಎದುರು ನನ್ನನ್ನು ಮುಟ್ಟುತ್ತಿರಲಿಲ್ಲ. ಮಿಠಾಯಿಯನ್ನೂ ಆಪಾಳ ಕೈಗೇ ಕೊಡುವಳು. ಕಣ್ಣು ಹೋದ ಮೇಲೆ ಅವಳಿಗೊಂದು ನೆಪ ಸಿಕ್ಕಿತು. ಗುರುತು ಹಿಡಿಯಲೆಂದು ನನ್ನ ಮುಖವನ್ನು ಬಹಳ ಹೊತ್ತು ಸವರುತ್ತಿದ್ದಳು.

"ಸಾಕು ಬಿಡೇ, ಕುರಿಮರಿ ಕೊಳ್ಳೋಕೆ ಬಂದೋಳ ಹಾಗೆ" ಎಂದು ಆಪಾ ಗದರುವಳು. ಎಜೆ ನಗುತ್ತಿದ್ದಳು. ಕೈ ಮಾತ್ರ ತೆಗೆಯುತ್ತಿರಲಿಲ್ಲ.

ಬಿಷ್ಕೆಕ್‌ನ ಡಾಕ್ಟರೂ ಅದೇ ಪ್ರಶ್ನೆ ಕೇಳಿದರು.

"ಹೌದು, ಆಪಾಗೆ ಹೋಗಿತ್ತು" ಎಂದೆ. ತಾಜಿಗುಲ್ ಬದುಕಿದ್ದಾಗ ಆ ಮಾತಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ, ನಾನೂ.

ಯಂತ್ರವೂ ಹೌದೆಂದಿತು. ಹೋದ ಅಂಚು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದರು. ಈಗ ಸಾಲಿನ ಕೊನೆಗೆ ತಲೆ ತಿರುಗಿಸಿ ಓದುತ್ತೇನೆ, ಕೆಲಸ ಉಳಿದಿದೆ. ದಿನಾ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಆಗ ಉಣ್ಣೆಯ ವಾಸನೆಯ ಎರಡು ಕೈಗಳು ನೆನಪಾಗುತ್ತವೆ.