ಸಿಗ್ನೆ ಕಲಿಸಿದ ಆಕಾಶ

ನನ್ನ ಹೆಂಡತಿ ಸಿಗ್ನೆ ಆಕಾಶ ಬರೆಯಲು ಕೂತರೆ ನನ್ನಂಥ ಒರಟನೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಅಮೆರಿಕದ ಡುಲುತ್ ಬಂದರಿನಲ್ಲಿ ಹಡಗುಗಳಿಗೆ ಅದಿರು ತುಂಬಿಸುತ್ತ ವಯಸ್ಸು ಕಳೆದವನು ನಾನು. ಸುಪೀರಿಯರ್ ಸರೋವರದ ಮಂಜನ್ನು ದಿನಾ ಬಾಯಿಗೆ ಬಂದಂತೆ ಬೈದಿದ್ದೇನೆ. ಆ ಹಾಳು ಮಂಜು ಇಷ್ಟು ಚೆಂದ ಎಂದು ಗೊತ್ತಾದದ್ದು ಅವಳು ಅದನ್ನು ಒದ್ದೆ ಕಾಗದದ ಮೇಲೆ ಇಳಿಸಿದಾಗಲೇ.

ಜಲವರ್ಣ ಕಲಿಸುವ ವಿಡಿಯೊಗಳನ್ನು ಅವಳು ಯೂಟ್ಯೂಬಿಗೆ ಹಾಕುತ್ತಾಳೆ. ಫೋನ್ ಹಿಡಿದು ನಿಲ್ಲುವ ಬಿಟ್ಟಿ ಚಾಕರಿ ನನ್ನದು. ಒಂದು ಸೋಮವಾರ ಯಾವನೋ ಕೆಳಗೆ ಬರೆದಿದ್ದ: ‘ಇಂಥವು ಸಾವಿರ ಇವೆ. ಇದರಲ್ಲಿ ನಿಮ್ಮದು ಅಂತ ಏನಿದೆ?’

ಸಿಗ್ನೆ ಅಷ್ಟೂ ವಿಡಿಯೊಗಳನ್ನು ಅಳಿಸಲು ಕೂತಳು.

“ಅವನು ಹೇಳಿದ್ದು ನಿಜ ಕಣೋ ಹಾಲ್ವರ್. ಕಾಗದ ನೆನೆಸೋದು ಶಾಲೇಲಿ ಓಸ್‌ಬರ್ಗ್ ಟೀಚರ್ ಹೇಳಿಕೊಟ್ಟಿದ್ದು. ಅವರಿಗೆ ಇನ್ಯಾರೋ. ನಾನು ಕಂಡುಹಿಡಿದಿದ್ದೇನು, ಮಣ್ಣು!”

“ಮೀನಿನ ಸಾರು ನಿಮ್ಮಮ್ಮನ ಹತ್ರ ಕಲಿತೆಯಲ್ಲ, ಅದನ್ನೂ ಚರಂಡಿಗೆ ಸುರಿತೀಯಾ?”

“ಸಾರು ಬೇರೆ, ಚಿತ್ರ ಬೇರೆ. ನಿನಗೇನು ಗೊತ್ತು, ಸುಮ್ನಿರು.”

ಸುಮ್ಮನಿರುವವನೇ ನಾನು? ಅಳಿಸುವ ಮೊದಲು ಉಳಿದವರು ಬರೆದದ್ದನ್ನೂ ಓದು ಎಂದು ಹಟ ಹಿಡಿದೆ. ಗೊಣಗುತ್ತಲೇ ಓದಿದಳು. ನೆಬ್ರಾಸ್ಕದ ಲೊರೆಟಾ ಎಂಬಾಕೆ ಹೀಗೆ ಬರೆದಿದ್ದಳು:

‘ಬೇರೆಯವರ ವಿಡಿಯೊದಲ್ಲಿ ಒಂದು ಬಣ್ಣ ಹಚ್ಚಿದ ಕೂಡಲೇ ಇನ್ನೊಂದು ಬರುತ್ತೆ. ನಾನೂ ಹಾಗೇ ಮಾಡಿ ಎಲ್ಲ ರಾಡಿಯಾಗ್ತಿತ್ತು. ನನ್ನ ಹಣೇಲಿ ಬರೆದಿಲ್ಲ ಅಂತ ಕುಂಚ ಎತ್ತಿಟ್ಟಿದ್ದೆ. ನೀವು ಮಾತ್ರ ಬಣ್ಣ ಒಣಗುವವರೆಗೆ ಕಾಫಿ ಕುಡೀತಾ, ಗಂಡನ್ನ ಬೈತಾ ಕೂತಿದ್ರಿ. ನಾನೂ ಕೂತೆ. ನೋಡಿ.’

ನಿಜ ಹೇಳಬೇಕೆಂದರೆ, ವಿಡಿಯೊದ ನಡುವಿನ ಭಾಗ ಕತ್ತರಿಸುವುದು ನಮ್ಮಿಬ್ಬರಿಗೂ ಬರುವುದಿಲ್ಲ.

ಕೆಳಗೆ ಲೊರೆಟಾ ಬರೆದ ಚಿತ್ರದ ಲಿಂಕ್ ಇತ್ತು. ಒತ್ತಿದರೆ ಗೋಧಿ ಹೊಲ, ದೂರದಲ್ಲೊಂದು ಕಣಜ, ಅದರ ಮೇಲೆ ದಟ್ಟೈಸಿದ ಹಸಿರು ಮೋಡ. ಸಿಗ್ನೆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

“ಆಲಿಕಲ್ಲು ಬೀಳೋ ಮುಂಚಿನ ಹಸಿರು ಇದು. ನನಗೆ ಬರಲ್ಲ ಹಾಲ್ವರ್. ಓಸ್‌ಬರ್ಗ್ ಟೀಚರಿಗೂ ಬರ್ತಿರಲಿಲ್ಲ. ಹೇಗೆ ಮಾಡಿದ್ಳು ಇವಳು?”

ಈ ಗುಣಕ್ಕೇ ನಾನು ಅವಳಿಗೆ ಸೋತದ್ದು. ಇನ್ನೊಬ್ಬರ ಕೈಯಲ್ಲಿ ಒಳ್ಳೆಯ ಕೆಲಸ ಕಂಡರೆ, ಅದನ್ನು ಕಲಿಯುವವರೆಗೆ ಅವಳಿಗೆ ಊಟ ಸೇರುವುದಿಲ್ಲ. ಅಳಿಸುವ ಮಾತು ಮರೆತು ಲೊರೆಟಾಗೆ ಬರೆದಳು: ‘ಆ ಹಸಿರು ಹೇಗೆ ಬಂತು? ಒಂದು ವಿಡಿಯೊ ಮಾಡಿ ತೋರಿಸ್ತೀರಾ?’

ನಾನು ಪಾತ್ರೆ ತೊಳೆದು ಮುಗಿಸುವುದರೊಳಗೆ ಉತ್ತರ ಬಂತು: ‘ಅಯ್ಯೋ, ನಾನಾ? ಎಲ್ಲ ನಿಮ್ಮಿಂದಲೇ ಕಲಿತಿದ್ದು. ನನ್ನದು ಅಂತ ತೋರಿಸೋಕೆ ಏನಿದೆ?’

“ತಲೆ ಕೆಟ್ಟಿದೆಯಾ ಈ ಹೆಂಗಸಿಗೆ!” ಸಿಗ್ನೆ ಮೇಜು ಗುದ್ದಿದಳು. “ಇಷ್ಟು ಚೆನ್ನಾಗಿ ಮಾಡಿ ಬಚ್ಚಿಟ್ಕೊಂಡು ಕೂರೋದಾ? ಕಲೀಬೇಕು ಅನ್ನೋರು ಎಲ್ಲಿಗೆ ಹೋಗಬೇಕು?”

ನಾನು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತ ನಿಂತೆ. ನಿಧಾನವಾಗಿ ಅವಳ ಮುಖ ಕೆಂಪಾಯಿತು.

“ಹಾಗೆ ನೋಡಬೇಡ,” ಎಂದಳು. ಆಮೇಲೆ ಫೋನನ್ನು ನನ್ನ ಕೈಗೆ ತುರುಕಿದಳು. “ಹಿಡ್ಕೋ. ವಿಡಿಯೊ ಮಾಡೋದು ಹೇಗೆ ಅಂತ ಮೊದಲು ಅವಳಿಗೆ ತೋರಿಸೋಣ.”